ಜಪಾನಿಗೆ ಓದೋಕೆ ಹೋಗೋ ನಮ್ಮ ಮಕ್ಕಳು ಅಲ್ಲಿನವರ ಗೆಳೆತನ ಮಾಡಬೇಕು, ಯಾಕಂದ್ರೆ...



ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

ಹೊರದೇಶಕ್ಕೆ ಓದೋಕೆ ಹೋಗೋ ನಮ್ಮ ಮಕ್ಕಳ ಬಗ್ಗೆ ನಮ್ಮ ಸಭೆಗಳಲ್ಲಿ ಮಾತಾಗೋದು ಎರಡೇ ವಿಷಯ. ಒಂದು, ಸ್ಕಾಲರ್‌ಶಿಪ್ ಸಿಕ್ತಾ ಇಲ್ವಾ. ಇನ್ನೊಂದು, ಓದಿದ ಮೇಲೆ ಕೆಲಸ ಸಿಗುತ್ತಾ ಇಲ್ವಾ. ಇವೆರಡರ ನಡುವೆ ಎರಡು ಮೂರು ವರ್ಷ ಆ ಮಗು ಯಾರ ಜೊತೆ ಕೂತು ಊಟ ಮಾಡುತ್ತೆ, ಜ್ವರ ಬಂದ ರಾತ್ರಿ ಯಾರಿಗೆ ಫೋನ್ ಮಾಡುತ್ತೆ, ಭಾನುವಾರ ಯಾರ ಜೊತೆ ಕಳೆಯುತ್ತೆ ಅಂತ ಒಬ್ಬರೂ ಕೇಳಲ್ಲ. ನಾನು ಇವತ್ತು ಅದನ್ನೇ ಕೇಳ್ತಿದ್ದೀನಿ. ಜಪಾನಿನ ಉದಾಹರಣೆ ಇಟ್ಕೊಂಡು ಕೇಳ್ತಿದ್ದೀನಿ, ಯಾಕಂದ್ರೆ ನನ್ನ ಅಕ್ಕನ ಮಗಳು ಅಲ್ಲಿ ಎರಡನೇ ವರ್ಷದ ಸ್ನಾತಕೋತ್ತರ ಓದ್ತಿದ್ದಾಳೆ. ವಾರಕ್ಕೆರಡು ಸಲ ಮಾತಾಡ್ತೀವಿ. ನಾನು ಆಫೀಸಿನಲ್ಲಿ ಫೈಲು ನೋಡೋ ಗುಮಾಸ್ತ, ಜಪಾನ್ ಕಂಡವನಲ್ಲ. ಆದ್ರೆ ಅವಳ ಮಾತು ಕೇಳಿ, ಹುಡುಕಿ ಓದಿ, ಒಂದು ತೀರ್ಮಾನಕ್ಕೆ ಬಂದಿದ್ದೀನಿ: ದಲಿತ ವಿದ್ಯಾರ್ಥಿಗೆ ಅಲ್ಲಿನ ಜನರ ಗೆಳೆತನ ಅನ್ನೋದು ಟೈಂಪಾಸ್ ಅಲ್ಲ. ಅವಳು ಅಷ್ಟು ದೂರ ಹೋದದ್ದರ ಅರ್ಧ ಫಲ ಇರೋದೇ ಅದರಲ್ಲಿ.

ಮೊದಲು "ನಮ್ಮವರ" ಕಥೆ ಹೇಳ್ತೀನಿ.

ಜಪಾನಿನಲ್ಲಿ ಈಗ ಭಾರತೀಯರ ಸಂಖ್ಯೆ 50 ಸಾವಿರ ದಾಟಿದೆ. ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ ಕಸಾಯಿಯಂಥ ಕಡೆ ಭಾರತದ ಅಂಗಡಿ, ಹೋಟೆಲು, ಶಾಲೆ ಎಲ್ಲಾ ಇವೆ. ಹೊಸದಾಗಿ ಹೋದ ಮಗುವಿಗೆ ಸಿಮ್ ಕಾರ್ಡ್ ಕೊಡಿಸೋದು, ಬ್ಯಾಂಕ್ ಖಾತೆ ಮಾಡಿಸೋದು, ಹಳೇ ಅನ್ನದ ಕುಕ್ಕರ್ ಕೊಡೋದು ಭಾರತೀಯ ಸೀನಿಯರ್‌ಗಳೇ. ಅದಕ್ಕೆ ಕೃತಜ್ಞತೆ ಇದ್ದೇ ಇದೆ. ಆದ್ರೆ ಕುಕ್ಕರಿನ ಹಿಂದೆಯೇ ಪ್ರಶ್ನೆಗಳೂ ಬರ್ತವೆ. ಪೂರ್ತಿ ಹೆಸರೇನು? ಅಪ್ಪನ ಹೆಸರೇನು? ನಿಮ್ಮನೇಲಿ ಯಾವ ಹಬ್ಬ ಮಾಡ್ತೀರಿ? ವೆಜ್ಜಾ, ನಾನ್‌ವೆಜ್ಜಾ? ಈ ಪ್ರಶ್ನೆಗಳು ಯಾವ ಬಾಗಿಲು ತಟ್ತಾ ಇವೆ ಅಂತ ನಮಗೆ ಹೇಳಿಕೊಡಬೇಕಾ?

ಅವಳಿದ್ದ ಕಡೆ ಶನಿವಾರ ಸೇರಿ ಅಡುಗೆ ಮಾಡೋ ಒಂದು ಭಾರತೀಯ ಗುಂಪಿತ್ತು. ಇವಳು ದನದ ಮಾಂಸ ತಿಂತಾಳೆ ಅಂತ ಗೊತ್ತಾದ ಮೇಲೆ "ನಿನ್ನ ಪಾತ್ರೆ ಬೇರೆ ಇಟ್ಕೋ" ಅಂದ್ರಂತೆ. "ಬರೀ ಊಟದ ವಿಷಯ ಕಣಮ್ಮಾ, ತಪ್ಪು ತಿಳೀಬೇಡ" ಅಂತಲೂ ಸೇರಿಸಿದ್ರಂತೆ. ಅವಳು ಫೋನಿನಲ್ಲಿ ನಗ್ತಾ ಹೇಳಿದ್ಲು, "ಮಾವ, ಆರು ಸಾವಿರ ಕಿಲೋಮೀಟರ್ ಬಂದ್ರೂ ಲೋಟ ಬೇರೆನೇ." ನನಗೆ ನಗು ಬರಲಿಲ್ಲ. ನಮ್ಮೂರ ಹೋಟೆಲಿನಲ್ಲಿ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ತಾತನ ಮೊಮ್ಮಗಳು ಅವಳು.

ಅದೇ ಊರಿನ ರಸ್ತೆಯಲ್ಲಿ ಗ್ಯೂದೊನ್ ಅಂತ ಅನ್ನದ ಮೇಲೆ ದನದ ಮಾಂಸ ಹಾಕಿದ ಬಟ್ಟಲು ಸಿಗುತ್ತೆ. ಆಫೀಸಿನವರು, ವಿದ್ಯಾರ್ಥಿಗಳು, ಮುದುಕರು ಸಾಲಾಗಿ ಕೂತು ತಿಂದು ಎದ್ದು ಹೋಗ್ತಾರೆ. ತಿನ್ನೋ ಬಟ್ಟಲಿನಿಂದ ಅಲ್ಲಿ ಯಾರೂ ಯಾರ ಹುಟ್ಟನ್ನೂ ಲೆಕ್ಕ ಹಾಕಲ್ಲ. ಹೀಗೆ ಪಕ್ಕದಲ್ಲಿ ಕೂತು ತಿನ್ನೋದು ನಮ್ಮ ಮಗುವಿನ ಒಳಗೆ ಏನು ಮಾಡುತ್ತೆ ಅನ್ನೋದನ್ನ ಹೊರಗಿನವರಿಗೆ ವಿವರಿಸೋದು ಕಷ್ಟ. ಬಾಬಾಸಾಹೇಬರು ಬರೆದಿದ್ದಾರಲ್ಲ, ಅಮೆರಿಕ, ಯೂರೋಪಿನಲ್ಲಿ ಕಳೆದ ಐದು ವರ್ಷ ತಾನು ಅಸ್ಪೃಶ್ಯ ಅನ್ನೋ ಅರಿವನ್ನೇ ಮನಸ್ಸಿನಿಂದ ಅಳಿಸಿ ಹಾಕಿತ್ತು ಅಂತ. 1917ರಲ್ಲಿ ಬರೋಡಕ್ಕೆ ವಾಪಸ್ ಬಂದಾಗ ತಂಗೋಕೆ ಜಾಗ ಸಿಗದೆ ಆ ಅರಿವು ಮತ್ತೆ ಬಂದು ಮುಖಕ್ಕೆ ಹೊಡೀತು. ಆ ಅಳಿಸೋ ಕೆಲಸ ಪಾಠದ ಪುಸ್ತಕವೊಂದರಿಂದಲೇ ಆಗಿರಲ್ಲ. ದಿನಾ ಜನ ಮಾಮೂಲಾಗಿ ನಡೆಸಿಕೊಂಡದ್ದರಿಂದ ಆಗಿರುತ್ತೆ.

ಭಾರತೀಯರ ಸಹವಾಸವೇ ಬೇಡ ಅಂತ ನಾನು ಹೇಳ್ತಿಲ್ಲ. ಕೊಲಂಬಿಯಾದಲ್ಲಿ ಬಾಬಾಸಾಹೇಬರ ಜೊತೆಗಾರ ನವಲ್ ಭಾತೇನಾ ಮುಂಬೈ ಕಡೆಯ ಪಾರ್ಸಿ. ಜೀವನಪೂರ್ತಿ ಗೆಳೆಯನಾಗಿದ್ದ, ಕಷ್ಟಕ್ಕೆ ಹಣ ಕಳಿಸಿದ. ಅಂಥವರು ಇವತ್ತೂ ಇದ್ದಾರೆ. ನನ್ನ ಮಾತು ಇಷ್ಟೇ: ಭಾರತೀಯರ ಗುಂಪೊಂದೇ ಆಸರೆ ಆದ್ರೆ, ಆ ಗುಂಪಿನ ಜಾತಿಯೂ ನಿಮ್ಮ ಮನೆಯೊಳಗೆ ಬಂದು ಕೂರುತ್ತೆ. ಅಲ್ಲಿನ ಗೆಳೆಯರು ಇದ್ರೆ "ನಿಮ್ಮ ಪಾತ್ರೆ ನೀವೇ ಇಟ್ಕೊಳ್ಳಿ" ಅಂತ ಎದ್ದು ಬರೋ ಧೈರ್ಯ ಇರುತ್ತೆ. ಎದ್ದು ಹೋಗೋಕೆ ಇನ್ನೊಂದು ಮನೆ ಇರೋನು ಮಾತ್ರ ಎದ್ದು ಹೋಗಬಲ್ಲ.

ಸರಿ, ಜಪಾನೀಯರ ಗೆಳೆತನ ಸುಲಭವಾ? ಇಲ್ಲ. ಸುಳ್ಳು ಹೇಳಿ ಮಕ್ಕಳನ್ನ ಕಳಿಸಬಾರದು.

2024ರ ಮೇ ತಿಂಗಳಲ್ಲಿ ಜಪಾನಿನಲ್ಲಿ 3,36,708 ಹೊರದೇಶದ ವಿದ್ಯಾರ್ಥಿಗಳಿದ್ದರು. 2033ರ ಹೊತ್ತಿಗೆ ಇದನ್ನ 4 ಲಕ್ಷ ಮಾಡ್ತೀವಿ ಅಂತ ಅಲ್ಲಿನ ಸರ್ಕಾರ ಗುರಿ ಇಟ್ಕೊಂಡಿದೆ. ಅಲ್ಲಿ ಹುಟ್ಟೋ ಮಕ್ಕಳು ಕಡಿಮೆ ಆಗಿದ್ದಾರೆ, ಕ್ಲಾಸು ಖಾಲಿ, ಕಾರ್ಖಾನೆಗೆ ಜನ ಬೇಕು. ಕರೀತಾರೆ. ಆದ್ರೆ ಕರೆಯೋದು ಬೇರೆ, ಪಕ್ಕ ಕೂರಿಸ್ಕೊಳ್ಳೋದು ಬೇರೆ. ಇಂಗ್ಲಿಷ್‌ನಲ್ಲಿ ಪಾಠ ನಡೆಯೋ ಕೋರ್ಸುಗಳು ಬಹಳಷ್ಟು ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶುರು. ಜಪಾನಿನ ಮಕ್ಕಳಿಗೆ ಶಾಲೆ, ಕಾಲೇಜು, ನೌಕರಿ ಎಲ್ಲಾ ಶುರುವಾಗೋದು ಏಪ್ರಿಲ್‌ನಲ್ಲಿ. ವಿದ್ಯಾರ್ಥಿ ಸಂಘಗಳು ಕ್ಯಾಂಪಸ್ಸಿನಲ್ಲಿ ಚೀಟಿ ಹಂಚಿ ಹೊಸಬರನ್ನ ಕರೆಯೋದೂ ಆಗಲೇ. ನಮ್ಮ ಮಗು ಅಕ್ಟೋಬರಿನಲ್ಲಿ ಇಳಿದಾಗ ಎಲ್ಲರಿಗೂ ಅವರವರ ಜೊತೆ ಗೊತ್ತಾಗಿರುತ್ತೆ. ಇದರ ಮೇಲೆ ಹಾಸ್ಟೆಲು ಬೇರೆ, ಕ್ಲಾಸು ಬೇರೆ, ಹೊರದೇಶದವರ ಕಚೇರಿ ಬೇರೆ. ಯಾರೂ ಬೇಕು ಅಂತ ಮಾಡಿದ್ದಲ್ಲ, ಆದ್ರೂ ಊರಾಚೆ ಒಂದು ಕೇರಿ ತಯಾರಾಗಿರುತ್ತೆ.

ಬಾಡಿಗೆ ಮನೆಯ ವಿಷಯ ಕೇಳಿ. ಜಪಾನಿನ ನ್ಯಾಯ ಸಚಿವಾಲಯವೇ ಮಾಡಿಸಿ 2017ರಲ್ಲಿ ಹೊರಗಿಟ್ಟ ಸಮೀಕ್ಷೆಯಲ್ಲಿ, ಮನೆ ಹುಡುಕಿದ ಹೊರದೇಶದವರಲ್ಲಿ ಸುಮಾರು 40% ಜನ "ನೀನು ಹೊರಗಿನವನು" ಅನ್ನೋ ಕಾರಣಕ್ಕೆ ಇಲ್ಲ ಅನ್ನಿಸ್ಕೊಂಡಿದ್ದರು. ಬೆಂಗಳೂರಿನಲ್ಲಿ ಮನೆ ಹುಡುಕಿದ ನಮಗೆ ಆ "ಇಲ್ಲ" ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು.

ಹಾಗಾದ್ರೆ ಗೆಳೆತನ ಆಗೋದು ಹೇಗೆ? ಅವಳ ಅನುಭವದಿಂದ ನನಗೆ ಅರ್ಥ ಆಗಿದ್ದನ್ನ ಹೇಳ್ತೀನಿ.

ಅಲ್ಲಿ ಪರಿಚಯ ಮಾಡ್ಕೊಂಡು ಗೆಳೆಯರಾಗಲ್ಲ, ಒಂದೇ ಕೆಲಸವನ್ನ ಒಟ್ಟಿಗೆ ಮಾಡ್ತಾ ಮಾಡ್ತಾ ಆಗ್ತಾರೆ. ಕಾಲೇಜಿನಲ್ಲಿ "ಸಾಕುರು" ಅಂತ ಇರ್ತವೆ, ಅಂದ್ರೆ ಸರ್ಕಲ್: ಆಟ, ಹಾಡು, ಬೆಟ್ಟ ಹತ್ತೋದು, ಫೋಟೋ, ಏನು ಬೇಕಾದ್ರೂ. "ಬುಕಾಟ್ಸು" ಅಂದ್ರೆ ಇನ್ನೂ ಶಿಸ್ತಿನ ಕ್ಲಬ್ಬು. ಅವಳು ಬ್ಯಾಡ್ಮಿಂಟನ್ ಸರ್ಕಲ್ಲಿಗೆ ಸೇರಿದ್ಲು. ಮೂರು ತಿಂಗಳು ನಮಸ್ಕಾರ ಬಿಟ್ರೆ ಮಾತಿಲ್ಲ. ಇವಳು ಪ್ರತಿ ಬುಧವಾರ ಹೋದ್ಲು, ಬಲೆ ಕಟ್ಟಿದ್ಲು, ಆಟ ಮುಗಿದ ಮೇಲೆ ಎಲ್ಲರ ಜೊತೆ ನೆಲ ಒರೆಸಿದ್ಲು. ನಾಲ್ಕನೇ ತಿಂಗಳು ಒಂದು ಹುಡುಗಿ ಲೈನ್ ಆ್ಯಪಿನಲ್ಲಿ ಮೆಸೇಜ್ ಮಾಡಿದ್ಲು, "ಮುಂದಿನ ಬುಧವಾರ ಬರ್ತೀಯಲ್ವಾ?" ಅಷ್ಟೇ. ಅಲ್ಲಿಂದ ಶುರು. ನಮ್ಮಲ್ಲಿ ಬಸ್ಸಿನಲ್ಲಿ ಅರ್ಧ ಗಂಟೆ ಕೂತ್ರೆ ಮನೆ ಕಥೆ ಎಲ್ಲಾ ಹೇಳ್ಕೋತೀವಿ. ಅಲ್ಲಿ ನಿಧಾನ. ಆ ನಿಧಾನವನ್ನ ತಿರಸ್ಕಾರ ಅಂತ ತಿಳಿಯೋದು ನಮ್ಮ ಮಕ್ಕಳಿಗೆ ಬಹಳ ಸುಲಭ, ಯಾಕಂದ್ರೆ ತಿರಸ್ಕಾರ ನಮಗೆ ಹುಟ್ಟಿನಿಂದ ಗೊತ್ತು. ಯಾರಾದ್ರೂ ಸ್ವಲ್ಪ ದೂರ ನಿಂತ್ರೆ ಮೈ ತಾನಾಗೇ ಮುದುಡುತ್ತೆ. ಆದ್ರೆ ಪ್ರತಿ ದೂರವೂ ಮೈಲಿಗೆಯ ದೂರ ಅಲ್ಲ. ಇದನ್ನ ಹೋಗೋ ಮಕ್ಕಳಿಗೆ ಮೊದಲೇ ಹೇಳಿ ಕಳಿಸಬೇಕು.

ಭಾಷೆ. ಇಂಗ್ಲಿಷ್ ಒಂದನ್ನೇ ನಂಬಿ ಹೋದ್ರೆ ನಿಮ್ಮನ್ನ ಇಂಗ್ಲಿಷ್ ಅಭ್ಯಾಸ ಮಾಡೋಕೆ ಹುಡುಕ್ಕೊಂಡು ಬರ್ತಾರೆ, ಅಭ್ಯಾಸ ಮುಗಿದ್ರೆ ಹೋಗ್ತಾರೆ. ಮುರುಕು ಜಪಾನಿ ಮಾತಾಡಿದ್ರೂ ಸಂಬಂಧ ಬೇರೆ ಆಗುತ್ತೆ. ಊರೂರಲ್ಲಿ ಸಮುದಾಯ ಭವನಗಳಿವೆ, ಕೊಮಿಂಕಾನ್ ಅಂತಾರೆ. ರಿಟೈರ್ ಆದವರು, ಗೃಹಿಣಿಯರು ಅಲ್ಲೆಲ್ಲ ಪುಕ್ಕಟೆಯಾಗೋ, ತೀರಾ ಕಡಿಮೆ ದುಡ್ಡಿಗೋ ಹೊರಗಿನವರಿಗೆ ಜಪಾನಿ ಕಲಿಸ್ತಾರೆ. ಅವಳ ಮೊದಲ ಗೆಳತಿಗೆ ಎಪ್ಪತ್ತರ ಮೇಲೆ ವಯಸ್ಸು. ಮೂಲಂಗಿ ಉಪ್ಪಿನಕಾಯಿ ಕೊಡ್ತಾರಂತೆ. ಗೆಳೆಯರು ನಮ್ಮ ವಯಸ್ಸಿನವರೇ ಆಗಬೇಕು ಅಂತ ಯಾರು ಹೇಳಿದ್ರು?

"ಮತಾ ಕೊಂದೊ" ಅಂದ್ರೆ "ಇನ್ನೊಂದು ಸಲ ನೋಡೋಣ". ನಮ್ಮಲ್ಲಿ "ಮನೆಗೆ ಬನ್ನಿ" ಅಂತ ಬಾಯಿಮಾತಿಗೆ ಅನ್ನಲ್ವಾ, ಹಾಗೇ. ಅದನ್ನ ನಂಬಿ ಕಾಯಬಾರದು, ಬೇಜಾರೂ ಮಾಡ್ಕೋಬಾರದು. ತಾರೀಕು ಹೇಳಿ ಕೇಳಬೇಕು: "ಮುಂದಿನ ಶನಿವಾರ ಹನ್ನೊಂದಕ್ಕೆ ಆಗುತ್ತಾ?" ತಾರೀಕು ಕೊಟ್ರೆ ಹೇಳಿದ ನಿಮಿಷಕ್ಕೆ ಬಂದು ನಿಲ್ತಾರೆ. ಮನೆಗೆ ಕರೆಯೋದು ಕಡಿಮೆ, ಹೊರಗೇ ಸಿಗ್ತಾರೆ. ಬಿಲ್ಲು ಸಮ ಹಂಚ್ಕೋತಾರೆ. ಕುಡಿಯೋ ಕೂಟಕ್ಕೆ ಕರೆದ್ರೆ ಕುಡಿಯಲೇಬೇಕು ಅಂತೇನಿಲ್ಲ, ಊಲಾಂಗ್ ಟೀ ಹಿಡ್ಕೊಂಡು ಕೂತ್ರೂ ನಡೆಯುತ್ತೆ. ಪಾರ್ಟ್‌ಟೈಂ ಕೆಲಸವೂ ಒಂದು ದಾರಿ. ವಿದ್ಯಾರ್ಥಿಗಳು ಅನುಮತಿ ತಗೊಂಡು ವಾರಕ್ಕೆ 28 ಗಂಟೆ ದುಡೀಬಹುದು. ಅಂಗಡಿಯಲ್ಲಿ ಜೊತೆಗೆ ಪೆಟ್ಟಿಗೆ ಎತ್ತಿದವರು ಕ್ಲಾಸಿನಲ್ಲಿ ಜೊತೆಗೆ ಕೂತವರಿಗಿಂತ ಬೇಗ ಹತ್ತಿರ ಆಗ್ತಾರೆ. ಆದ್ರೆ ದುಡಿಮೆಯೇ ಓದನ್ನ ತಿನ್ನಬಾರದು, ಎಚ್ಚರ.

ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೆಸರು ಕರೆಯೋದರಲ್ಲಿದೆ. ಅಲ್ಲಿ ಎಲ್ಲರ ಹೆಸರಿನ ಹಿಂದೆ "ಸಾನ್" ಸೇರ್ಕೊಳ್ಳುತ್ತೆ. ನಮ್ಮ ಹಳ್ಳಿಯಲ್ಲಿ ಅರವತ್ತು ವರ್ಷದ ನಮ್ಮಜ್ಜನನ್ನ ಹತ್ತು ವರ್ಷದ ಹುಡುಗ "ಬಾರೋ, ಹೋಗೋ" ಅಂತಿದ್ದ. ಅಜ್ಜನ ಮೊಮ್ಮಗಳಿಗೆ ಪ್ರೊಫೆಸರ್ರೂ "ಸಾನ್" ಹಚ್ಚಿ ಕರೀತಾರೆ. ಅಲ್ಲೂ ಮೇಲು ಕೆಳಗು ಇದೆ. ಒಂದು ವರ್ಷ ಮೊದಲು ಸೇರಿದವನು ಸೆನ್‌ಪೈ, ಅವನ ಜೊತೆ ಗೌರವದ ಭಾಷೆಯಲ್ಲೇ ಮಾತಾಡಬೇಕು. ಆದ್ರೆ ಇವತ್ತು ಕಿರಿಯ ಆದವನು ನಾಳೆ ಹಿರಿಯ ಆಗ್ತಾನೆ. ಹುಟ್ಟಿನ ಮೆಟ್ಟಿಲಲ್ಲಿ ಹಾಗಾಗಲ್ಲ. ಗೆಳೆತನ ಗಟ್ಟಿಯಾದ ದಿನ "ಸಾನ್" ಬಿಡೋಣ್ವಾ ಅಂತ ಕೇಳ್ತಾರೆ. ಅಂದ್ರೆ ಏಕವಚನಕ್ಕೆ ಒಪ್ಪಿಗೆ ಕೇಳ್ತಾರೆ! ಒಪ್ಪಿಗೆ ಕೇಳಿ ಬರೋ ಏಕವಚನ ಪ್ರೀತಿ. ಕೇಳದೇ ಹೇರೋ ಏಕವಚನ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ವಿಷಯ, ಇದರ ಬಗ್ಗೆ ನಮ್ಮೊಳಗೇ ಜಗಳ ಆಗಬಹುದು. ಬಡಾವಣೆಯ ಹಬ್ಬಗಳಲ್ಲಿ ಮಿಕೊಶಿ ಅಂತ ದೇವರ ಪಲ್ಲಕ್ಕಿ ಹೊರ್ತಾರೆ. ಎಷ್ಟೋ ಕಡೆ ಹೊರೋಕೆ ಹುಡುಗರಿಲ್ಲ, ಹಾಗಾಗಿ ಹೊರದೇಶದ ವಿದ್ಯಾರ್ಥಿಗಳನ್ನೂ ಕರೀತಾರೆ. ಇವಳನ್ನೂ ಕರೆದ್ರು. "ಮಾವ, ನಾವು ಬೌದ್ಧರು, ಹೊರಬಹುದಾ?" ಅಂತ ಕೇಳಿದ್ಲು. ನಾನು ಹೇಳಿದೆ: "ಹೆಗಲು ಕೊಡು ಮಗಾ. ತಲೆ ಬಾಗಿಸೋದು ಬಿಡೋದು ನಿನ್ನಿಷ್ಟ." ನಮ್ಮೂರ ತೇರಿನ ಹಗ್ಗ ಮುಟ್ಟಿದ್ದಕ್ಕೆ ಹೊಡೆತ ತಿಂದವರ ಮಗಳನ್ನ ಒಂದು ಬೀದಿ "ಬಾಮ್ಮಾ, ಇಲ್ಲಿ ಹಿಡ್ಕೋ" ಅಂತ ಕರೆದಿದೆ. ಆ ಕರೆಯಲ್ಲಿ ನನಗೆ ದೇವರು ಕಾಣಲಿಲ್ಲ, ನೆರೆಹೊರೆ ಕಾಣಿಸ್ತು. ಬೇಡ ಅನ್ನೋರ ವಾದವನ್ನೂ ಗೌರವಿಸ್ತೀನಿ, ಕಾಮೆಂಟಿನಲ್ಲಿ ಬರೀರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಜಪಾನ್ ಜಾತಿಯಿಲ್ಲದ ಸ್ವರ್ಗ ಅಂದ್ಕೊಂಡು ಯಾರೂ ಹೋಗಬೇಡಿ. ಅಲ್ಲೂ ನಮ್ಮಂಥವರಿದ್ದಾರೆ. ಚರ್ಮದ ಕೆಲಸ, ಸತ್ತ ದನ ಎತ್ತೋ ಕೆಲಸ, ಮಾಂಸ ಕಡಿಯೋ ಕೆಲಸ ಮಾಡಿದ ಮನೆತನಗಳನ್ನ ಮೈಲಿಗೆ ಅಂತ ಊರಾಚೆ ಇಟ್ಟಿದ್ದರು. ಬುರಾಕುಮಿನ್ ಅಂತ ಹೆಸರು. ಚರ್ಮ, ಮುಖ, ಭಾಷೆ ಎಲ್ಲಾ ಮಿಕ್ಕ ಜಪಾನೀಯರದ್ದೇ. 1871ರಲ್ಲಿ ಕಾನೂನಿನ ಪ್ರಕಾರ ಸಮಾನರು ಅಂತ ಘೋಷಿಸಿದ್ರು, ಸಮಾಜ ಒಪ್ಪಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಅವರೇ ಸೇರಿ ಸುಯಿಹೇಶಾ ಅನ್ನೋ ಸಂಘಟನೆ ಕಟ್ಟಿದ್ರು. ಯಾರ ಕರುಣೆಯೂ ಬೇಡ, ನಮ್ಮ ಬಿಡುಗಡೆ ನಾವೇ ಮಾಡ್ಕೋತೀವಿ ಅಂತ ಸಾರಿದ್ರು. ಐದು ವರ್ಷಕ್ಕೆ ಇಲ್ಲಿ ಮಹಾಡ್ ಕೆರೆ. ಎರಡು ದೇಶ, ಒಂದೇ ಕಾಲ.

1975ರಲ್ಲಿ ಇನ್ನೊಂದು ವಿಷಯ ಬಯಲಾಯ್ತು. ಬುರಾಕು ಕೇರಿಗಳ ಊರು ಹೆಸರೆಲ್ಲ ಪಟ್ಟಿ ಮಾಡಿದ ಪುಸ್ತಕವನ್ನ ಗುಟ್ಟಾಗಿ ಮಾರ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವರ ಮೂಲ ಪತ್ತೆ ಮಾಡೋಕೆ ಕಂಪನಿಗಳು ಕೊಂಡುಕೊಂಡಿದ್ದವು. "ನಿಮ್ಮೂರು ಯಾವುದು?" ಅನ್ನೋ ಪ್ರಶ್ನೆ ಅಲ್ಲೂ ಚಾಕು ಆಗಿತ್ತು ನೋಡಿ. ಬುರಾಕು ತಾರತಮ್ಯ ಇನ್ನೂ ಇದೆ ಅಂತ ಒಪ್ಪಿ 2016ರಲ್ಲೂ ಒಂದು ಕಾನೂನು ತರಬೇಕಾಯ್ತು.

ಹಾಗಾಗಿ ನಮ್ಮ ಮಕ್ಕಳಿಗೆ ಒಂದು ಮಾತು. ಅಲ್ಲಿನ ಗೆಳೆಯರನ್ನ "ನೀನು ಬುರಾಕುನಾ?" ಅಂತ ಯಾವತ್ತೂ ಕೇಳಬೇಡಿ, ಒಳ್ಳೇ ಮನಸ್ಸಿನಿಂದಲೂ ಕೇಳಬೇಡಿ. ಎಷ್ಟೋ ಜನ ಮುಚ್ಚಿಟ್ಟು ಬದುಕ್ತಿದ್ದಾರೆ. ಬಯಲಾದ್ರೆ ಮದುವೆ ಮುರೀಬಹುದು. ಸ್ವಂತ ಹೆಸರು ಬಚ್ಚಿಟ್ಕೊಂಡು ಬದುಕೋದು ಏನು ಅಂತ ನಮಗೆ ಗೊತ್ತಿರುವಾಗ ಇನ್ನೊಬ್ಬರ ಬಾಗಿಲು ತಟ್ಟೋದು ನಮಗೆ ಶೋಭೆ ಅಲ್ಲ. ಬದಲಿಗೆ ನಿಮ್ಮ ಕಥೆ ಹೇಳಿ. ನಾನು ಇಂಥ ಕೇರಿಯಿಂದ ಬಂದೆ, ನಮ್ಮ ಜನ ಹೀಗೆ ಹೋರಾಡಿದ್ರು ಅಂತ ಹೇಳಿ. ಹೇಳಬೇಕು ಅನಿಸಿದವರು ತಾವಾಗೇ ಹೇಳ್ತಾರೆ. ಬಹಿರಂಗವಾಗಿ ಎದೆಯೆತ್ತಿ ನಿಂತವರೂ ಇದ್ದಾರೆ. ಒಸಾಕಾದ ನಾನಿವಾ ಕಡೆ ತಲೆತಲಾಂತರದಿಂದ ಚರ್ಮದ ನಗಾರಿ ಮಾಡೋ ಬುರಾಕು ಜನರಿದ್ದಾರೆ. ಅವರು ಮಾಡಿದ ನಗಾರಿ ಗುಡಿಯೊಳಗೆ ಹೋಗ್ತಿತ್ತು, ಮಾಡಿದವರನ್ನ ಜನ ಹೊರಗೇ ಇಟ್ಟಿದ್ದರು. ಅಲ್ಲಿನ ಯುವಕರು ನಗಾರಿ ಬಾರಿಸೋ ತಂಡ ಕಟ್ಟಿ "ಇಕಾರಿ" ಅಂತ ಹೆಸರಿಟ್ಟರು. ಇಕಾರಿ ಅಂದ್ರೆ ಸಿಟ್ಟು. ನಮ್ಮ ತಮಟೆಯವರಿಗೆ ಇದನ್ನ ಭಾಷಾಂತರ ಮಾಡಿ ಹೇಳಬೇಕಾ? ದನದ ಕರುಳನ್ನ ಹುರಿದು ಮಾಡೋ ತಿನಿಸೂ ಆ ಕೇರಿಗಳದ್ದೇ. ಬೋಟಿ ತಿಂದು ಬೆಳೆದವರು ಆ ಮೇಜಿನ ಮುಂದೆ ಹೊರಗಿನವರಲ್ಲ.

ಕೆಲವು ಸಂಗಾತಿಗಳು ಹೇಳ್ತಾರೆ, "ಅಲ್ಲಿ ನಮ್ಮವರದ್ದೇ ಅಂಬೇಡ್ಕರ್ ಸಂಘ ಕಟ್ಟಲಿ, ಅವರ ಗೆಳೆತನ ಯಾಕೆ?" ಸಂಘ ಬೇಕು, ಖಂಡಿತ ಬೇಕು. ಆದ್ರೆ ಹತ್ತು ಜನ ನಮ್ಮವರೇ ಕೂತು ಜಯಂತಿ ಮಾಡಿದ್ರೆ ನಮ್ಮ ಮಾತು ನಮಗೇ ಕೇಳಿಸುತ್ತೆ. ಬ್ಯಾಡ್ಮಿಂಟನ್ ಆಡೋ ಹುಡುಗಿ, ಉಪ್ಪಿನಕಾಯಿ ಕೊಡೋ ಅಜ್ಜಿ ಬಂದು ಕೂತ್ರೆ ಆ ಊರಿಗೆ ಕೇಳಿಸುತ್ತೆ. ಭಾರತ ಅಂದ್ರೆ ಯೋಗ, ಕರಿ, ಸಾಫ್ಟ್‌ವೇರ್ ಅಂತ ತಿಳಿದವರಿಗೆ ಭಾರತದಲ್ಲಿ ನಾವೂ ಇದ್ದೀವಿ ಅಂತ ಹೇಳೋರು ಯಾರು? ಸ್ವಾತಂತ್ರ್ಯ, ಸಮಾನತೆ ಜೊತೆಗೆ ಬಾಬಾಸಾಹೇಬರು ಬಂಧುತ್ವವನ್ನೂ ಇಟ್ಟರು. ಮೊದಲೆರಡಕ್ಕೆ ಕಾನೂನು ಇದೆ. ಮೂರನೆಯದಕ್ಕೆ ಮನುಷ್ಯರೇ ಬೇಕು.

ನಾಗ್ಪುರದ ಸುರೈ ಸಸಾಯಿ ಭಂತೇಜಿಯವರನ್ನ ನೆನಪು ಮಾಡ್ಕೊಳ್ಳಿ. ಜಪಾನಿನಲ್ಲಿ ಹುಟ್ಟಿ 1960ರ ದಶಕದಲ್ಲಿ ಭಾರತಕ್ಕೆ ಬಂದ ಬಿಕ್ಕು. ನಾಗ್ಪುರದ ನಮ್ಮ ಜನರ ನಡುವೆಯೇ ಬದುಕಿದ್ರು, ಭಾರತದ ಪೌರತ್ವ ತಗೊಂಡ್ರು, ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನಕ್ಕೆ ದೀಕ್ಷೆ ಕೊಟ್ಟರು. ಒಬ್ಬ ಜಪಾನಿ ನಮ್ಮ ಕೇರಿಗೆ ಬಂದು ನಮ್ಮವನಾಗೋದಾದ್ರೆ, ನಮ್ಮ ಮಗು ಅವರ ಬೀದಿಗೆ ಹೋಗಿ ಯಾಕೆ ಗೆಳತಿ ಆಗಬಾರದು?

ಕೊನೆಗೆ ಬೇಡಿಕೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ ಇಡೀ ದೇಶಕ್ಕೆ 125 ಸೀಟು, ಅದರಲ್ಲಿ ಪರಿಶಿಷ್ಟ ಜಾತಿಗೆ 115. ನಮ್ಮ ರಾಜ್ಯದ ಪ್ರಬುದ್ಧ ಯೋಜನೆಯೂ ಇದೆ. ಸೀಟು ಹೆಚ್ಚಾಗಬೇಕು ಅನ್ನೋ ಹೋರಾಟ ಇದ್ದೇ ಇದೆ. ಅದರ ಜೊತೆಗೆ ಇದನ್ನೂ ಸೇರಿಸೋಣ: ಹೋಗೋ ದೇಶದ ಭಾಷೆಯನ್ನ ಹೊರಡೋ ಮೊದಲು ಆರು ತಿಂಗಳು ಕಲಿಸಲಿ, ಅದರ ಖರ್ಚನ್ನ ಸರ್ಕಾರವೇ ಕೊಡಲಿ. ದುಡ್ಡಿದ್ದವರ ಮಕ್ಕಳು ಕೋಚಿಂಗಿಗೆ ಹೋಗಿ ಕಲ್ತು ವಿಮಾನ ಹತ್ತುತ್ತಾರೆ. ನಮ್ಮ ಮಕ್ಕಳು ಕೊನೇ ದಿನದವರೆಗೂ ಜಾತಿ ಪ್ರಮಾಣಪತ್ರ, ಆದಾಯ ಪತ್ರ, ಜಾಮೀನು ಅಂತ ತಾಲ್ಲೂಕು ಕಚೇರಿ ಸುತ್ತುತ್ತಾ ಇರ್ತಾರೆ. ಆ ಫೈಲುಗಳು ಎಷ್ಟು ನಿಧಾನ ಅಂತ ಮೇಜಿನ ಈ ಕಡೆ ಕೂತ ನನಗೆ ಗೊತ್ತು. ಇನ್ನು ನಾವು ಮಾಡಬೇಕಾದದ್ದು, ಈಗಾಗಲೇ ಹೋಗಿರೋ ನಮ್ಮ ಮಕ್ಕಳ ಜೊತೆ ಹೋಗಲಿರೋರನ್ನ ಜೋಡಿಸೋದು. ಮೊದಲ ಕುಕ್ಕರು ಜಾತಿ ಕೇಳದ ಕೈಯಿಂದ ಸಿಗಲಿ.

ಜಪಾನಿರಲಿ, ಜರ್ಮನಿ ಇರಲಿ, ನಿಮ್ಮ ಮನೆಯ, ನಿಮ್ಮ ಕೇರಿಯ ಮಗು ಹೊರದೇಶದಲ್ಲಿ ಓದ್ತಿದ್ರೆ ಇವತ್ತು ಫೋನ್ ಮಾಡಿ. ಮಾರ್ಕ್ಸು ಆಮೇಲೆ ಕೇಳಿ. "ಇವತ್ತು ಯಾರ ಜೊತೆ ಊಟ ಮಾಡಿದೆ?" ಅಂತ ಮೊದಲು ಕೇಳಿ.

ಜೈಭೀಮ್.